ಹೊಳೆಯಾಚೆಯವರ ಕಿಟಕಿ ಹಾಡು

ಕಳೆದ ವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಸಾಗರದ ನನ್ನ ಹೊಲಿಗೆ ಅಂಗಡಿಯಲ್ಲಿ ಮದುವೆ ಬ್ಲೌಸುಗಳು ರಾಶಿ ಬಿದ್ದಿದ್ದವು. ಊಟಕ್ಕೂ ಪುರುಸೊತ್ತಿಲ್ಲದ ಆ ಹೊತ್ತಿನಲ್ಲೇ ಸಾರಂಗ ಮೂರ್ತಿಯವರ ಹೊಸ ಹಾಡುಗಳು ಬಂದವು. ಅದರಿಂದಾಗಿ ನಾನು ಒಂದು ಭಾನುವಾರ ಇದ್ದಬದ್ದ ಮರ್ಯಾದೆಯನ್ನೆಲ್ಲ ಕಳೆದುಕೊಂಡೆ, ಇನ್ನೊಂದು ಭಾನುವಾರ ಅದರ ಎರಡರಷ್ಟು ಸಂಪಾದಿಸಿಕೊಂಡೆ. ಅದನ್ನೇ ಹೇಳಬೇಕು ಅಂತ ಈ ಬರಹ.

ಸಾರಂಗ ಮೂರ್ತಿ ಯಾರು ಅಂತ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ನಲವತ್ತು ವರ್ಷದ ಹಿಂದೆ ಗಿಟಾರ್ ನೇತುಹಾಕಿಕೊಂಡು, ಉದ್ದ ಕೂದಲು ಬಿಟ್ಟುಕೊಂಡು, ಕನ್ನಡದಲ್ಲಿ ಪಾಪ್ ಹಾಡಿದವರು ಅವರು. ಅವರ ಕ್ಯಾಸೆಟ್ಟು ಇಲ್ಲದ ಮನೆ ಇರಲಿಲ್ಲ ಅಂದರೆ ಸ್ವಲ್ಪ ಹೆಚ್ಚಾಗಬಹುದು, ಆದರೆ ಅವರ ಹಾಡು ಗೊತ್ತಿಲ್ಲದ ಹುಡುಗಿ ಇರಲಿಲ್ಲ ಅನ್ನುವುದು ಖಂಡಿತ. ಈಗ ಅವರಿಗೆ ಎಪ್ಪತ್ತು. ಬಹಳ ವರ್ಷ ಸುಮ್ಮನಿದ್ದವರು ಇದ್ದಕ್ಕಿದ್ದ ಹಾಗೆ ಏಳೆಂಟು ಹೊಸ ಹಾಡು ಮಾಡಿ, ಜೊತೆಗೆ ತಮ್ಮ ಹಳೆಯ ‘ಕಿಟಕಿ’ ಹಾಡನ್ನು ಮತ್ತೆ ಹಾಡಿ ಬಿಡುಗಡೆ ಮಾಡಿದರು. ಊರೂರಿಗೆ ಹೋಗಿ ಕಾರ್ಯಕ್ರಮ ಕೊಡುತ್ತೇನೆ ಅಂತಲೂ ಹೇಳಿದರು. ಪಟ್ಟಿಯಲ್ಲಿ ನಮ್ಮ ಸಾಗರವೂ ಇತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಅಭಿಮಾನಿಗಳದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ. ಅಲ್ಲಿಯವರೆಗೆ ಅದರಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಹೊಸ ಹಾಡು ಬಂದದ್ದೇ ತಡ, ಯುದ್ಧ ಶುರುವಾಯಿತು. ಹೊಸನಗರದ ಕಾಲೇಜಿನಲ್ಲಿ ಪಾಠ ಮಾಡುವ ಪೂರ್ಣಿಮಾ ಎಂಬ ಹುಡುಗಿ, “ಹೊಸ ಹಾಡುಗಳಲ್ಲಿ ಎಷ್ಟು ಆಳ ಇದೆ ನೋಡಿ” ಅಂತ ಬರೆದಳು.

“ಆಳ ಎಂಥದು ಮಾರಾಯ್ರೆ, ಬಾವಿಗೆ ಬಿದ್ದೋರು ಕೂಗ್ದಂಗೆ ಕೇಳ್ತದೆ” ಅಂತ ಉತ್ತರ ಬಂತು. ಅದು ಮೇಳಿಗೆಯ ನಾಗೇಶ ಗೌಡರದ್ದು. ಹೈಸ್ಕೂಲು ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಸಾರಂಗ ಮೂರ್ತಿಯವರ ಒಂದೊಂದು ಕ್ಯಾಸೆಟ್ಟನ್ನೂ ಕವರಿನ ಸಮೇತ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡವರು. ಯಾವ ಹಾಡು ಯಾವ ಕ್ಯಾಸೆಟ್ಟಿನ ಯಾವ ಬದಿಯಲ್ಲಿದೆ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುವವರು. ಗ್ರೂಪಿನಲ್ಲಿ ಅವರ ಮಾತೇ ತೀರ್ಪು.

ಮರುದಿನ ಗೌಡರು ‘ಕಿಟಕಿ’ಯ ಬಗ್ಗೆ ಒಂದು ದೊಡ್ಡ ವಾಯ್ಸ್ ಮೆಸೇಜ್ ಕಳಿಸಿದರು. “ಕಿಟಕಿ ಹಾಡನ್ನ ಕೊಂದ್ ಹಾಕಿದಾರೆ ಕಣ್ರೀ. ಕುಣಿಯೋ ಹಾಡು ಅದು, ಅದನ್ನ ಚಾಪೆ ಹಾಸಿ ಮಲಗಿಸಿದಾರೆ. ದನಿ ಇಳಿಸಿ, ಎಳೆದೂ ಎಳೆದೂ ಹಾಡಿದಾರೆ. ಎಪ್ಪತ್ತಾಯ್ತು, ಸಾಕಪ್ಪ. ಈ ತಿರುಗಾಟ ಎಲ್ಲ ಬಿಟ್ಟು ಮನೇಲಿರ್ಲಿ. ಇದ್ದ ಹೆಸರಾದ್ರೂ ಉಳೀತದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಅಂದರೆ ಹಿಂದಿನ ದಿನ ತಾನೇ ನಾನು ಆ ಹೊಸ ‘ಕಿಟಕಿ’ಯನ್ನು ಕೇಳಿದ್ದೆ. ಕತ್ತರಿ ಕೈಯಲ್ಲೇ ಇತ್ತು, ಯಾರದೋ ರೇಷ್ಮೆ ಬಟ್ಟೆ ಮುಂದಿತ್ತು, ಕಣ್ಣಲ್ಲಿ ನೀರು ತುಂಬಿ ಗುರುತು ಹಾಕಿದ ಗೆರೆಯೇ ಕಾಣದೆ ಕತ್ತರಿಯನ್ನು ಕೆಳಗಿಟ್ಟಿದ್ದೆ. ಅದು ನಾನು ಚಿಕ್ಕವಳಿದ್ದಾಗ ಕೇಳಿದ ಹಾಡೇ. ಹಾಗೆಯೇ ಇತ್ತು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಈ ಮನುಷ್ಯ ಕೊಂದು ಹಾಕಿದ್ದಾರೆ ಅನ್ನುತ್ತಾರಲ್ಲ!

ನಾನೂ ಮೈಕಿನ ಗುಂಡಿ ಒತ್ತಿ ಹಿಡಿದುಕೊಂಡು ಹೇಳಿದೆ: “ಗೌಡ್ರೆ, ನಿಮ್ಮ ಕಿವಿಗೆ ಎಂತ ಆಗಿದೆ? ಅವರು ಮೊದ್ಲಿಂದಾನೂ ಹಾಡಿದ್ದು ಹಿಂಗೇ. ಎಪ್ಪತ್ತಾದ್ರೂ ಒಂಚೂರೂ ಬದ್ಲಾಗ್ಲಿಲ್ಲ ಪುಣ್ಯಾತ್ಮ. ನಾನು ಈ ಹಾಡನ್ನ ಸಾವ್ರ ಸಲ ಕೇಳಿದೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

ಇಲ್ಲಿ ನಮ್ಮ ಮನೆಯ ಕತೆ ಸ್ವಲ್ಪ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಶರಾವತಿ ಹಿನ್ನೀರಿನ ಆಚೆ, ಸಿಗಂದೂರಿನಿಂದಲೂ ಒಳಗೆ. ಈಗ ಸೇತುವೆ ಆಗಿದೆ, ಬಸ್ಸು ಭರ್ ಅಂತ ಹೋಗುತ್ತದೆ. ಆಗ ಲಾಂಚ್ ಒಂದೇ. ನಮ್ಮ ಕಡೆಯವರಿಗೆ ಹೊಳೆಯಾಚೆಯವರು ಅಂತಲೇ ಹೆಸರು. ನಾಡಿಗೆಲ್ಲ ಕರೆಂಟು ಕೊಡಲು ನಮ್ಮ ಹಿರಿಯರ ಗದ್ದೆ ಮುಳುಗಿತು, ಆದರೆ ನಾನು ಏಳನೇ ಕ್ಲಾಸು ಮುಗಿಸುವವರೆಗೂ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಮಂಗಳೂರಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಂದು ಟೇಪ್‌ರೆಕಾರ್ಡರ್ ತಂದುಕೊಟ್ಟಿದ್ದ. ಅದಕ್ಕೆ ದೊಡ್ಡ ದೊಡ್ಡ ಆರು ಸೆಲ್ಲು. ಅದರ ಜೊತೆ ಎರಡು ಕ್ಯಾಸೆಟ್ಟು. ಒಂದು ಯಕ್ಷಗಾನದ್ದು, ಇನ್ನೊಂದು ಸಾರಂಗ ಮೂರ್ತಿಯವರದ್ದು.

ಸೆಲ್ಲು ಮುಗಿದರೆ ಲಾಂಚ್ ದಾಟಿ ಸಾಗರಕ್ಕೆ ಬರಬೇಕು. ಅದಕ್ಕೆ ನಮ್ಮ ಅಕ್ಕ ಗಿರಿಜಕ್ಕ ದಿನಾ ಬೆಳಿಗ್ಗೆ ಆರೂ ಸೆಲ್ಲನ್ನು ತೆಗೆದು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಬಿಸಿಲು ಕಾಯ್ದ ಸೆಲ್ಲು ಮಧ್ಯಾಹ್ನ ಇನ್ನೆರಡು ಹಾಡು ಹಾಡುತ್ತಿತ್ತು. ಊಟ ಆದ ಮೇಲೆ ಅವ್ವ ಎಲೆ ಅಡಿಕೆ ಹಾಕಿಕೊಂಡು, “ಆ ಕಿಟಕಿ ಹಾಡು ಹಾಕ್ರೇ” ಅನ್ನುವಳು. ‘ಕಿಟಕಿ ತೆರೆದಿಡು ಹುಡುಗಿ, ಗಾಳಿಯ ಜತೆಯಲೆ ಬರುತೇನೆ’ ಅಂತ ಆ ದಪ್ಪ ದನಿ ನಿಧಾನವಾಗಿ ಹಾಡುತ್ತಿದ್ದರೆ ಅವ್ವ, “ಈ ಹುಡ್ಗ ಯಾರ್ನೋ ಕಳ್ಕಂಡಾನೆ, ಪಾಪ” ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು. ಅಕ್ಕಪಕ್ಕದ ಮನೆಯ ಹೆಂಗಸರೂ ಬಂದು ಕೂರುತ್ತಿದ್ದರು. ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿ, ಗದ್ದೆ ನಾಟಿಗೆ ಹೋದರೂ ಅದನ್ನೇ ಹಾಡುತ್ತಿದ್ದೆವು.

ಮನೆಗೆ ಕರೆಂಟು ಬರುವ ಹೊತ್ತಿಗೆ ಆ ಟೇಪು ಕೆಟ್ಟು ಮೂಲೆ ಸೇರಿತ್ತು. ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ ಒಂದು ಹೋಟೆಲಿನಲ್ಲಿ ಇದೇ ಹಾಡು ಕೇಳಿಸಿತ್ತು. ದಡಬಡ ಅಂತ ಓಡುತ್ತಿತ್ತು. ನಾನು ಗಲ್ಲಾದ ಮೇಲೆ ಕೂತವರಿಗೆ, “ನಿಮ್ಮ ಟೇಪು ಜೋರಾಗಿ ಓಡ್ತಾ ಇದೆ, ರಿಪೇರಿ ಮಾಡ್ಸಿ” ಅಂತ ಬುದ್ಧಿ ಹೇಳಿ ಬಂದಿದ್ದೆ. ಆಮೇಲೆ ಮೊಬೈಲಿನಲ್ಲೂ ಹಾಗೇ ಕೇಳಿಸಿತು. ಈಗಿನವರು ಎಲ್ಲ ಹಳೆ ಹಾಡನ್ನೂ ಓಡಿಸಿ ಹಾಳು ಮಾಡುತ್ತಾರಲ್ಲ, ಇದೂ ಹಾಗೇ ಅಂದುಕೊಂಡೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಮ್ಮ ಯಜಮಾನರು ಈಗಲೂ ಹಾಗೆ ಹೇಳುತ್ತಾರೆ.

ನನ್ನ ಮೆಸೇಜಿಗೆ ಗೌಡರು ಒಂದೇ ಸಾಲು ಬರೆದರು: “ಮೂಲ ಕ್ಯಾಸೆಟ್ ನನ್ನಲ್ಲಿದೆ. ಭಾನುವಾರ ಮೇಳಿಗೆಗೆ ಬಂದು ಕೇಳಿ, ಊಟವೂ ಇಲ್ಲೇ.” ಇಡೀ ಗ್ರೂಪು ಚಪ್ಪಾಳೆ ಚಿಹ್ನೆ ಹಾಕಿತು. ಬಿಡುವವಳಾ ನಾನು? ಗಿರಿಜಕ್ಕನಿಗೆ ಫೋನ್ ಮಾಡಿ, “ಸಾಕ್ಷಿಗೆ ಬಾ” ಅಂತ ಕರೆಸಿಕೊಂಡೆ. ಅವಳಿಗೀಗ ಅರವತ್ತರ ಹತ್ತಿರ, ಊರಲ್ಲೇ ಇದ್ದಾಳೆ. ಇಬ್ಬರೂ ಬೆಳಿಗ್ಗೆಯೇ ಹೊರಟು, ಹೊಸನಗರದಲ್ಲಿ ಬಸ್ಸು ಬದಲಿಸಿ, ತೀರ್ಥಹಳ್ಳಿಯಿಂದ ಆಟೋ ಹಿಡಿದು ಮೇಳಿಗೆ ತಲುಪಿದೆವು.

ಗೌಡರ ಮನೆಯವರು ಒಳ್ಳೆಯ ಜನ. ಕಾಫಿ, ಅಕ್ಕಿರೊಟ್ಟಿ ಎಲ್ಲ ಆಯಿತು. ಆಮೇಲೆ ಗೌಡರು ಗಾಜಿನ ಬೀರು ತೆರೆದು, ಮಗುವನ್ನು ಎತ್ತಿದ ಹಾಗೆ ಕ್ಯಾಸೆಟ್ಟು ಎತ್ತಿ, ಒರೆಸಿ, ಟೇಪಿಗೆ ಹಾಕಿ ಗುಂಡಿ ಒತ್ತಿದರು.

ಹಾಡು ಹಾರಿಕೊಂಡು ಬಂತು. ಡ್ರಮ್ಮು ದಬದಬ ಹೊಡೆಯಿತು. ಎಳೆ ಹುಡುಗನ ದನಿ ಮೇಲೆ ಮೇಲೆ ಏರಿ, ‘ಕಿಟಕಿ ತೆರೆದಿಡು ಹುಡುಗಿ’ ಅಂತ ಸೀಟಿ ಹೊಡೆದು ಕರೆದ ಹಾಗೆ ಕರೆಯಿತು. ಯಾರನ್ನೂ ಕಳೆದುಕೊಂಡವನ ದನಿ ಅಲ್ಲ ಅದು. ಈಗಷ್ಟೇ ಮೀಸೆ ಬಂದ ಹುಡುಗನ ಖುಷಿ.

“ನಿಮ್ಮ ಮಷೀನು ಜೋರಾಗಿ ಓಡ್ತದೆ ಗೌಡ್ರೆ” ಅಂದೆ.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ” ಅಂತ ಗೌಡರು ನಕ್ಕರು. ಕ್ಯಾಸೆಟ್ಟಿನ ಕವರು ತೋರಿಸಿದರು. ಒಂದೊಂದು ಹಾಡೂ ಎಷ್ಟು ನಿಮಿಷ, ಎಷ್ಟು ಸೆಕೆಂಡು ಅಂತ ಅದರಲ್ಲಿ ಅಚ್ಚಾಗಿತ್ತು. ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, ಹಾಡನ್ನು ಮೊದಲಿಂದ ಹಾಕಿದರು. ಹಾಡು ಮುಗಿದಾಗ ಸೆಕೆಂಡಿನ ಮುಳ್ಳು ಸರಿಯಾಗಿ ಅಚ್ಚಾದ ಲೆಕ್ಕಕ್ಕೇ ಬಂದಿತ್ತು. “ಕಾಲೇಜ್ ಡೇಲಿ ನಾವು ಕುಣಿದದ್ದು ಇದಕ್ಕೇ. ನೀವು ಎಲ್ಲಿ ಕೇಳಿದ್ರೋ ನಂಗೆ ಗೊತ್ತಿಲ್ಲ” ಅಂದರು.

ನಾನು ಮತ್ತೆ ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಗಿರಿಜಕ್ಕ ನನ್ನ ಮೊಣಕೈ ಜಗ್ಗಿ ಮೆಲ್ಲಗೆ ಹೇಳಿದಳು: “ಸುಜಾತ, ನಮ್ಮನೆ ಸೆಲ್ಲು ಬಿಸ್ಲಿಗೆ ಹಾಕ್ತಿದ್ವಲ್ಲೇ... ಹೊಸ ಸೆಲ್ಲು ಹಾಕಿದ್ ದಿನ ಟೇಪು ಒಂಥರಾ ಕೀಚಲು ಹಾಡ್ತಿತ್ತು, ನೆನಪಿಲ್ವ? ಅವ್ವ, ಎರಡ್ ದಿನ ಕಳೀಲಿ, ಸರಿ ಹೋಗ್ತದೆ ಅಂತಿತ್ತು.”

ಗೌಡರು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಸೆಲ್ಲಿನ ಶಕ್ತಿ ಇಳಿದರೆ ಟೇಪು ನಿಧಾನ ತಿರುಗುತ್ತದೆ, ನಿಧಾನ ತಿರುಗಿದರೆ ದನಿ ದಪ್ಪವಾಗುತ್ತದೆ, ಹಾಡು ಉದ್ದವಾಗುತ್ತದೆ. ಅಷ್ಟೇ. ನಮ್ಮ ಹೊಳೆಯಾಚೆಯವರೆಲ್ಲ ಸೇರಿ ಇಳಿದ ಸೆಲ್ಲಿನ ಹಾಡನ್ನೇ ಸತ್ಯ ಅಂತ ನಂಬಿಕೊಂಡಿದ್ದೆವು. ಯಕ್ಷಗಾನದ ಕ್ಯಾಸೆಟ್ಟಿನಲ್ಲಿ ಭೀಮನ ದನಿ ಗುಹೆಯೊಳಗಿಂದ ಬಂದ ಹಾಗೆ ಇರುತ್ತಿತ್ತು, ಭೀಮ ಅಂದ ಮೇಲೆ ಹಾಗೇ ಇರಬೇಕು ಅಂದುಕೊಂಡಿದ್ದೆವಲ್ಲ ದೇವರೇ! ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

ಬಸ್ಸಿನಲ್ಲಿ ವಾಪಸು ಬರುವಾಗ ಫೋನ್ ತೆರೆದರೆ ಗ್ರೂಪಿನಲ್ಲಿ ಅದೇ ಸುದ್ದಿ. ಗೌಡರಿಗೆ ಬಾಯಿ ತಡೆಯಲಿಲ್ಲ, ಎಲ್ಲ ಬರೆದುಬಿಟ್ಟಿದ್ದರು. ನಗುವ ಮುಖಗಳು ಸಾಲು ಸಾಲು. ಯಾರೋ ನನಗೆ ‘ವೀಕ್ ಸೆಲ್ ಸುಜಾತಕ್ಕ’ ಅಂತ ಹೆಸರಿಟ್ಟಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ನನಗೇ ಮಾಡಿದ ಗಾದೆ.

ಆದರೆ ನಗೆಗೀಡಾದದ್ದಕ್ಕಿಂತ ಇನ್ನೊಂದು ನೋವು ದೊಡ್ಡದಿತ್ತು. ಅವ್ವ ಕಣ್ಣೊರೆಸಿಕೊಂಡು ಕೇಳಿದ ಆ ಹಾಡನ್ನು ಯಾರೂ ಹಾಡಿಯೇ ಇರಲಿಲ್ಲವಲ್ಲ ಅಂತ. ಹೊಸನಗರ ದಾಟುವ ಹೊತ್ತಿಗೆ ನಾನು ಅಳುತ್ತಿದ್ದೆ. ಗಿರಿಜಕ್ಕ, “ಥೋ, ಸುಮ್ನಿರೇ. ಸೆಲ್ಲು ಹಾಡಿದ್ದೋ ಮನುಷ್ಯ ಹಾಡಿದ್ದೋ, ಅವ್ವಂಗೆ ಬೇಕಾಗಿದ್ದು ಅದೇ” ಅಂದಳು. ಅಷ್ಟು ಹೇಳಿ ಅವಳೂ ಕಿಟಕಿಯ ಕಡೆ ತಿರುಗಿ ಕೂತಳು.

ಎರಡು ವಾರ ಕಳೆಯಿತು. ದೂರದ ಒಂದು ನಗರದಲ್ಲಿ ಸಾರಂಗ ಮೂರ್ತಿಯವರ ಕಾರ್ಯಕ್ರಮ ನಡೆಯಿತು. ಅದರ ವಿಡಿಯೋ ನಮ್ಮ ಗ್ರೂಪಿಗೂ ಬಂತು. ಅವರು ‘ಕಿಟಕಿ’ ಶುರು ಮಾಡಿದ್ದೇ ಕೆಳಗಿನಿಂದ ಜನ, “ಜೋರಾಗಿ, ಜೋರಾಗಿ” ಅಂತ ಕೂಗಿದರು. ಅವರು ಕಣ್ಣು ಮುಚ್ಚಿ ನಿಧಾನವಾಗಿಯೇ ಹಾಡಿದರು. ‘ಕಿಟಕಿ ತೆರೆದಿಡು ಹುಡುಗಿ’ ಅನ್ನುವ ಆ ಉದ್ದ ಸಾಲು ಬಂದಾಗ ಅರ್ಧಕ್ಕೆ ಉಸಿರು ಸಾಲದೆ ದನಿ ಒಡೆಯಿತು. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲೇ ಒಡೆಯಿತು. ಯಾರೋ ಸಿಳ್ಳೆ ಹಾಕಿದರು. ಅವರು ಕೈಮುಗಿದು ವೇದಿಕೆಯಿಂದ ಇಳಿದುಹೋದರು.

ಮರುದಿನ ಅವರ ಪ್ರಕಟಣೆ ಬಂತು. ಸಾಗರದವರಿಗೆ ಮಾತು ಕೊಟ್ಟಿರುವುದರಿಂದ ಅಲ್ಲಿಗೆ ಬರುತ್ತೇನೆ, ಅದೇ ಕೊನೆಯ ಕಾರ್ಯಕ್ರಮ, ‘ಕಿಟಕಿ’ಯನ್ನು ಇನ್ನು ಮುಂದೆ ಎಲ್ಲಿಯೂ ಹಾಡುವುದಿಲ್ಲ ಅಂತ. ಗೌಡರು, “ಸರಿಯಾದ ನಿರ್ಧಾರ, ಹೆಸರು ಉಳಿಯಿತು” ಅಂತ ಬರೆದರು. ಪೂರ್ಣಿಮಾ ಸಿಟ್ಟಾಗಿ, “ಹೆಸರನ್ನು ಗಾಜಿನ ಬೀರುವಿನಲ್ಲಿ ಇಡೋಕಾಗಲ್ಲ ಸರ್” ಅಂತ ಬರೆದಳು. ನಾನು ಏನೂ ಬರೆಯಲಿಲ್ಲ. ವೀಕ್ ಸೆಲ್ಲಿನ ಮಾತನ್ನು ಯಾರು ಕೇಳುತ್ತಾರೆ?

ಕಾರ್ಯಕ್ರಮ ಭಾನುವಾರ ಸಂಜೆ ಐದೂವರೆಗೆ, ನಮ್ಮ ಊರಿನ ರಂಗಮಂದಿರದಲ್ಲಿ. ಗಿರಿಜಕ್ಕನೂ ಬಂದಿದ್ದಳು. ಮಧ್ಯಾಹ್ನ ಮೂರು ಗಂಟೆಗೆ ಸಂಘಟಕರಿಂದ ಫೋನ್. “ಸುಜಾತಕ್ಕ, ಸಾರಂಗ ಸರ್ ಕೋಟು ತೀರಾ ದೊಡ್ಡದಾಗಿದೆ, ಹೆಗಲಿಂದ ಜಾರ್ತದೆ. ಸೂಜಿ ದಾರ ತಗಂಡು ಓಡ್ ಬನ್ನಿ.” ಡಬ್ಬಿ ಎತ್ತಿಕೊಂಡು, ಅಕ್ಕನ ಕೈ ಹಿಡಿದುಕೊಂಡು ಓಡಿದೆ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವರು ಕೂತಿದ್ದರು. ಪೋಸ್ಟರಿನಲ್ಲಿ ನೋಡಿದ್ದಕ್ಕಿಂತ ಬಹಳ ಬಡಕಲಾಗಿದ್ದರು. ಕರಿಯ ಉದ್ದ ಕೋಟು ಹಾಕಿಸಿ ನೋಡಿದೆ, ಎರಡೂ ಹೆಗಲು ಮೂರು ಮೂರು ಬೆರಳು ಇಳಿಯುತ್ತಿತ್ತು. “ಹತ್ತು ವರ್ಷದ ಹಿಂದೆ ಹೊಲಿಸಿದ್ದಮ್ಮ. ಕೋಟು ಹಾಗೇ ಇದೆ, ನಾನು ಕಮ್ಮಿಯಾಗಿದೀನಿ” ಅಂತ ನಕ್ಕರು. ಗುರುತು ಹಾಕಿ, ಕೋಟು ಬಿಚ್ಚಿಸಿಕೊಂಡು ಹೊಲಿಯಲು ಕೂತೆ.

ಸುಮ್ಮನೆ ಹೊಲಿದು ಬರಬೇಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. “ಸರ್, ಕಿಟಕಿ ಹಾಡಲ್ವಂತೆ ನೀವು? ಯಾಕೆ?” ಅಂತ ಕೇಳಿಯೇಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಸಂಘಟಕರು ನನ್ನನ್ನು ಸುಡುವ ಹಾಗೆ ನೋಡಿದರು.

ಸಾರಂಗ ಮೂರ್ತಿಯವರು ಬೇಜಾರು ಮಾಡಿಕೊಳ್ಳಲಿಲ್ಲ. “ಜನಕ್ಕೆ ಬೇಕಾಗಿರೋದು ಆ ಹುಡುಗ. ಅವನು ಈಗ ನನ್ನ ಹತ್ರ ಇಲ್ಲ. ನಾನು ಶ್ರುತಿ ಇಳಿಸ್ದೆ, ನಿಧಾನ ಮಾಡ್ದೆ. ಇದೇ ಸರಿ ಅಂತ ನಂಗೆ ಅನ್ಸಿತ್ತು. ಆದ್ರೆ ಯಾರಿಗೂ ಹಾಗನ್ಸಲಿಲ್ಲ” ಅಂದರು.

“ನಮಗೆ ಅನ್ಸಿತ್ತು ಸರ್” ಅಂದೆ. ಸೂಜಿ ಬಿಟ್ಟು, ಲಾಂಚು, ಚಿಕ್ಕಪ್ಪನ ಟೇಪು, ಕಟ್ಟೆಯ ಮೇಲಿನ ಸೆಲ್ಲು, ಅವ್ವನ ಸೆರಗು, ಮೇಳಿಗೆಯಲ್ಲಿ ಮರ್ಯಾದೆ ಹೋದದ್ದು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ನಮ್ಮ ಹತ್ತಿರ ಬಂದು ಕೂತರು.

“ನೀವು ಹಾಡ್ತಿದ್ದ ಹಾಗೆ ಒಂದು ಸಲ ಹಾಡಿ” ಅಂದರು.

“ಅಯ್ಯೋ ಸರ್, ನಿಮ್ಮೆದುರಿಗಾ!” ಅಂದೆ ನಾನು. ಗಿರಿಜಕ್ಕ ಮಾತ್ರ, “ಹಾಡನ ಬಾರೇ, ಇನ್ನೆಂತ ಹೋಗೋದಿದೆ” ಅಂದು ಶುರು ಮಾಡಿಯೇಬಿಟ್ಟಳು. ನಾನೂ ಸೇರಿಕೊಂಡೆ. ನಾಟಿಯಲ್ಲಿ ಹಾಡುತ್ತಿದ್ದ ಹಾಗೆಯೇ, ನಿಧಾನಕ್ಕೆ. ‘ಕಿಟಕಿ ತೆರೆದಿಡು ಹುಡುಗಿ, ಗಾಳಿಯ...’ ಅಂದು ಇಬ್ಬರೂ ಉಸಿರೆಳೆದುಕೊಂಡು, ‘ಜತೆಯಲೆ ಬರುತೇನೆ’ ಅಂತ ಮುಗಿಸಿದೆವು.

ಅವರು ತಟ್ಟನೆ ಕೈ ಎತ್ತಿದರು. “ತಡೀರಿ. ಉಸಿರು ಎಲ್ಲಿ ತಗೊಂಡ್ರಿ?”

ನಾವು ಗಾಬರಿಯಾಗಿ ಮುಖ ಮುಖ ನೋಡಿಕೊಂಡೆವು. “ತಪ್ಪಾಯ್ತಾ ಸರ್? ಟೇಪು ನಿಧಾನ ಅಲ್ವಾ, ಅದರ ಜೊತೆ ಒಂದೇ ಉಸ್ರಿಗೆ ಹಾಡಕ್ಕೆ ನಮಗಾಗ್ತಿರ್ಲಿಲ್ಲ. ‘ಗಾಳಿಯ’ ಆದ್ಮೇಲೆ ಎಲ್ಲರೂ ಒಂದ್ಸಲ ನಿಲ್ಲಿಸ್ತಿದ್ವಿ. ನಮ್ಮೂರಲ್ಲಿ ಎಲ್ಲ ಹಾಡೋದು ಹಂಗೇ” ಅಂದೆ.

“ಇನ್ನೊಂದು ಸಲ” ಅಂದರು. ಹಾಡಿದೆವು. “ಇನ್ನೊಂದು.” ಮೂರನೆಯ ಸಲ ಅವರೂ ನಮ್ಮ ಜೊತೆ ಮೆಲ್ಲಗೆ ಹಾಡಿದರು. ‘ಗಾಳಿಯ’ ಅಂದು ನಿಂತರು, ಉಸಿರೆಳೆದುಕೊಂಡರು, ಸಾಲು ಒಡೆಯದೆ ಕೊನೆ ಮುಟ್ಟಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. “ನಿಧಾನ ಮಾಡಿದೋನು ಉಸಿರನ್ನ ಮಾತ್ರ ಇಪ್ಪತ್ತೆಂಟರ ಹುಡುಗನ ಹಾಗೇ ಹಿಡಿದಿದ್ದೆ. ಅಲ್ಲೇ ಎಡವ್ತಿದ್ದೆ ಕಣಮ್ಮ” ಅಂದರು. ನಾನು ಕೋಟಿನ ಕೊನೆಯ ಹೊಲಿಗೆ ಮುಗಿಸಿ ದಾರ ಕಡಿದು, “ಹಾಕ್ಕೊಳಿ ಸರ್, ಸರಿ ಇದ್ಯಾ ನೋಡನ” ಅಂದೆ. ಕೋಟು ಹೆಗಲ ಮೇಲೆ ಸರಿಯಾಗಿ ಕೂತಿತು.

ಐದೂವರೆಗೆ ರಂಗಮಂದಿರ ತುಂಬಿತ್ತು. ಮೊದಲ ಸಾಲಿನಲ್ಲೇ ಮೇಳಿಗೆಯ ಗೌಡರು, ಅವರ ಮನೆಯವರು. ಅದರ ಹಿಂದೆ ಪೂರ್ಣಿಮಾ. ಹೊಸ ಹಾಡುಗಳನ್ನು ಜನ ಮರ್ಯಾದೆಯಿಂದ ಕೇಳಿದರು. ಎರಡು ಹಳೆಯ ಹಾಡಿಗೆ ಒಳ್ಳೆಯ ಚಪ್ಪಾಳೆ ಬಿತ್ತು. ಆಮೇಲೆ ಅವರು ಗಿಟಾರನ್ನು ಸರಿ ಮಾಡಿಕೊಂಡು, ಮೈಕಿನ ಹತ್ತಿರ ಬಂದು ಹೇಳಿದರು:

“ಒಂದು ಹಾಡನ್ನ ಇನ್ನು ಹಾಡಲ್ಲ ಅಂದಿದ್ದೆ. ಇವತ್ತು ಮಧ್ಯಾಹ್ನ ಅದನ್ನ ಮತ್ತೆ ಕಲಿತೆ. ನಲವತ್ತು ವರ್ಷದ ಹಿಂದೆ ನಾನು ಅವಸರದಲ್ಲಿ ಹಾಡ್ತಿದ್ದಾಗ, ಇಲ್ಲೇ ನಿಮ್ಮ ಹೊಳೆಯಾಚೆ ಮನೆಗಳಲ್ಲಿ ಅದನ್ನ ಸೆಲ್ಲು ಇಳಿದ ಟೇಪಲ್ಲಿ ಕೇಳಿ, ನನಗಿಂತ ಚೆನ್ನಾಗಿ ಹಾಡ್ಕೊಂಡೋರು ಇದಾರಂತೆ. ಇಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ.”

ನಾನೂ ಗಿರಿಜಕ್ಕನೂ ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆವು. ಹೆದರುತ್ತಲೇ ಕೈ ಎತ್ತಿದೆವು. ನೋಡಿದರೆ ಮಧ್ಯದ ಸಾಲಿನಲ್ಲಿ ಒಬ್ಬ ಹೆಂಗಸಿನ ಕೈ ಮೇಲೆದ್ದಿತು. ಆಮೇಲೆ ಅವಳ ಪಕ್ಕದವಳದ್ದು. ಎಡಗಡೆ ನಾಲ್ಕು. ಗೋಡೆಯ ಪಕ್ಕ ನಿಂತ ಒಬ್ಬ ಗಂಡಸಿನದ್ದೂ. ಆವತ್ತು ಸೇತುವೆ ದಾಟಿ ಎರಡು ಬಸ್ಸು ಜನ ಬಂದಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರವೇ ಸೆಲ್ಲು ಬಿಸಿಲಿಗೆ ಬಿದ್ದದ್ದು ಅಂದುಕೊಂಡಿದ್ದೆನಲ್ಲ! ಎಲ್ಲರ ಮನೆಯಲ್ಲೂ ಅದೇ ಕತೆ.

ಅವರು ಹಾಡಿದರು. ಡ್ರಮ್ಮು ಬೇಡ ಅಂತ ಕೈ ಮಾಡಿ, ಗಿಟಾರೊಂದರಲ್ಲೇ. ಉದ್ದ ಸಾಲು ಬಂತು. ‘ಗಾಳಿಯ’ ಅಂದು ಅವರು ನಿಂತದ್ದೇ, ರಂಗಮಂದಿರದ ಅಲ್ಲಲ್ಲಿಂದ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಯಾರೂ ಜೊತೆಗೆ ಹಾಡುತ್ತಿರಲಿಲ್ಲ. ತುಟಿ ಮಾತ್ರ ಆಡಿಸುತ್ತಿದ್ದರು. ಆದರೂ ಅಭ್ಯಾಸದ ಉಸಿರು, ತಾನಾಗಿ ಬಂದಿತ್ತು. ಅದು ಅವರಿಗೂ ಕೇಳಿಸಿತು. ಕಣ್ಣು ಬಿಟ್ಟು ನಮ್ಮ ಕಡೆಯೆಲ್ಲ ಒಮ್ಮೆ ನೋಡಿ, ಸಾಲು ಮುಗಿಸಿದರು. ದನಿ ಎಲ್ಲಿಯೂ ಒಡೆಯಲಿಲ್ಲ. ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ, ಆ ಹೊತ್ತಿನಲ್ಲಿ ನನ್ನ ಬ್ಲೌಸಿನ ಅಳತೆ ಯಾರೂ ತೆಗೆಯಬಾರದಿತ್ತು.

ಕಾರ್ಯಕ್ರಮ ಮುಗಿದು ಹೊರಗೆ ಬರುವಾಗ ಗೇಟಿನ ಹತ್ತಿರ ಗೌಡರು ನನಗಾಗಿಯೇ ಕಾಯುತ್ತಿದ್ದರು. ಮುಖ ಒಂಥರಾ ಆಗಿತ್ತು.

“ನನ್ನ ಕ್ಯಾಸೆಟ್ಟು ಸರಿಯಾಗೇ ಇದೆ ಸುಜಾತಮ್ಮ” ಅಂದರು.

“ಇದೆ ಗೌಡ್ರೆ. ಇಲ್ಲ ಅಂದೋರು ಯಾರು?”

“ಸರಿಯಾಗಿದೆ. ಆದ್ರೆ ಇಷ್ಟು ವರ್ಷ ಕೇಳ್ದೋನು ಒಂದಿನಾನೂ ನಾನು ಅತ್ತಿರ್ಲಿಲ್ಲ ಮಾರಾಯ್ರೆ” ಅಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅವರ ಮನೆಯವರು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ನನಗೂ ಗೆದ್ದೆ ಅಂತ ಹೇಳಿಕೊಳ್ಳುವ ಮನಸ್ಸಾಗಲಿಲ್ಲ. “ಒಂದ್ ಲೋಟ ಕಾಫಿ ಕುಡ್ಕಂಡು ಹೋಗಿ, ಅಂಗಡಿ ಇಲ್ಲೇ ಹತ್ರ” ಅಂತ ಕರೆದೆ. ಬಂದು ಕುಡಿದು ಹೋದರು.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಗೌಡರು ಹೆಡ್‌ಮಾಸ್ಟರ್ ಭಾಷೆಯಲ್ಲಿ ಬರೆದಿದ್ದರು: ‘ಹಿಂದೆ ನಾನು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳು‌ತ್ತೇನೆ. ಸಾರಂಗ ಮೂರ್ತಿಯವರು ತಿರುಗಾಟ ನಿಲ್ಲಿಸಬಾರದೆಂದು ಮೂರು ತಾಲ್ಲೂಕಿನ ಅಭಿಮಾನಿಗಳ ಪರವಾಗಿ ಪತ್ರ ಬರೆಯೋಣ. ಮೊದಲ ಸಹಿ ಸುಜಾತಮ್ಮನವರದ್ದು.’ ಪತ್ರ ಹೋಯಿತು. ವಾರ ಕಳೆಯುವುದರಲ್ಲಿ ಅವರ ಹೊಸ ಪ್ರಕಟಣೆ ಬಂತು, ಉಳಿದ ಊರುಗಳ ಕಾರ್ಯಕ್ರಮವೂ ನಡೆಯುತ್ತದೆ ಅಂತ. ಈಗಲೂ ನಡೆಯುತ್ತಿದೆ. ಕೆಲವು ಕಡೆ ಜನ ಜೋರಾಗಿ ಹಾಡಿ ಅಂತ ಈಗಲೂ ಕೂಗುತ್ತಾರಂತೆ. ಕೂಗಲಿ ಬಿಡಿ ಅಂತ ಇವರು ನಗುತ್ತಾ ತಮ್ಮ ಪಾಡಿಗೆ ಹಾಡುತ್ತಾರಂತೆ. ನಮ್ಮ ಗ್ರೂಪಿನ ಜಗಳವೂ ನಿಂತಿಲ್ಲ. ಹೊಸ ಹಾಡು ಬಾವಿಗೆ ಬಿದ್ದ ಹಾಗಿದೆ ಅಂತ ಗೌಡರು ಈಗಲೂ ಅನ್ನುತ್ತಾರೆ, ಪೂರ್ಣಿಮಾ ಈಗಲೂ ಸಿಟ್ಟಾಗುತ್ತಾಳೆ.

ನಾನು ಓದಿದ್ದು ಏಳನೇ ಕ್ಲಾಸು. ಸಂಗೀತದ ಪಾಠಕ್ಕೆ ಒಂದು ದಿನವೂ ಕೂತವಳಲ್ಲ. ತಪ್ಪನ್ನೇ ಸರಿ ಅಂತ ನಲವತ್ತು ವರ್ಷ ವಾದ ಮಾಡಿದವಳು ನಾನು, ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೆ ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ಇದೊಂದನ್ನು ಹೇಳದೆ ಕಳಿಸುವುದಿಲ್ಲ. ಇಡೀ ನಾಡಿಗೆ ಗೊತ್ತಿರುವ ಗಾಯಕರು ನಮ್ಮ ಎದುರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಉಸಿರು ಎಲ್ಲಿ ತೆಗೆದುಕೊಳ್ಳುತ್ತೀರಿ ಅಂತ ಕೇಳಿದರು. ನಾವು ಅಕ್ಕ ತಂಗಿ ಹೇಳಿಕೊಟ್ಟೆವು. ಅವರು ಕಲಿತರು.